ಉಲ್ಟಾ ಕಾರ್ಬನ್

ಮತ್ತೆ ಈ ಟೈಪ್‌ರೈಟರಿನ ಎಂ ಅಕ್ಷರದ ಕಡ್ಡಿ ಮೇಲೆದ್ದು ನಿಂತಿತು, ಬೆರಳಿನಿಂದ ತಳ್ಳಿದೆ, ಇಳಿಯಿತು, ಪುಟಕ್ಕೆ ಇಪ್ಪತ್ತು ಸಲ ಮೈಕ್ರೋಬ್ ಅಂತ ಹೊಡೆದರೆ ಅದಕ್ಕಾದರೂ ಬೇಜಾರಾಗುವುದಿಲ್ಲವೇ — ಟಕ ಟಕ ಟಕ, ಎದುರು ಬೆಂಚಿನಲ್ಲಿ ಕಾಲೇಜಿನ ರುದ್ರಮುನಿ ಸರ್ ಗಡಿಯಾರ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಮತ್ತೆ ಗಡಿಯಾರ, ಆಗ್ತೈತೇನ್ರಿ ಸರೋಜಕ್ಕ, ಆಗ್ತೈತ್ರಿ ಸರ್, ಇದೇ ಕೊನೇ ಪುಟ, ಐದಕ್ಕೆ ಹರಿಹರದಲ್ಲಿ ಅವರ ಪಿಎಚ್‌ಡಿ ಗೈಡ್ ರೈಲು ಹತ್ತುತ್ತಾರೆ, ಅಷ್ಟರೊಳಗೆ ಥೀಸಿಸ್‌ನ ಕೊನೇ ಅಧ್ಯಾಯ ಮೂರು ಪ್ರತಿ ಅವರ ಕೈ ಸೇರದಿದ್ದರೆ ಆರು ವರ್ಷದ ಓದು ನೀರಲ್ಲಿ ಹೋಮ. ವಿದ್ಯಾನಗರದ ತುಂಬ ಕಂಪ್ಯೂಟರ್ ಅಂಗಡಿ ಎದ್ದ ಮೇಲೆ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಥೀಸಿಸ್ ಯಾರು ತರುತ್ತಾರೆ, ಆದರೆ ಈ ಸಲ ಮಳೆ ಇಲ್ಲ, ಡ್ಯಾಮಿನಲ್ಲಿ ನೀರಿಲ್ಲ, ಬೆಳಿಗ್ಗೆಯಿಂದ ಊರಿಗೆ ಕರೆಂಟಿಲ್ಲ, ಜೆರಾಕ್ಸಿನವನೂ ಸ್ಟೂಲ್ ಮೇಲೆ ಕೂತು ನೊಣ ಹೊಡೆಯುತ್ತಿದ್ದಾನೆ, ಪಕ್ಕದ ಕಂಪ್ಯೂಟರಿನ ಹುಡುಗಿ ಕೃತಿಕಾ ಕೆಲಸವಿಲ್ಲದೆ ನಮ್ಮ ಬಾಗಿಲಲ್ಲಿ ನಿಂತು, ಇನ್ನೂ ಹಾಳೆ ನಡುವೆ ಕಾರ್ಬನ್ ಇಟ್ಟು ಹೊಡೀತೀರೇನ್ರಿ ಆಂಟಿ, ಹೂನವ್ವ, ಹದಿನಾಲ್ಕು ವರ್ಷದಾಗ ಒಂದು ತಪ್ಪು ತೋರ್ಸು ನೋಡಣ, ಅಂದುಬಿಟ್ಟೆ, ಅನ್ನಬಾರದಿತ್ತು. ಸರ್ ಹಿಮಾಲಯದ ಯಾವುದೋ ಜೌಗಿನಲ್ಲಿ ಎರಡು ಮಳೆಗಾಲ ಕೂತು, ಒಂದು ತುಂಡು ನೆಲಕ್ಕೆ ತಗಡು ಮುಚ್ಚಿ ಮಳೆ ಅರ್ಧ ಮಾಡಿ, ಇನ್ನೊಂದಕ್ಕೆ ಹೆಚ್ಚಿಗೆ ನೀರು ಸುರಿದು, ಕಣ್ಣಿಗೆ ಕಾಣದ ಜೀವಾಣುಗಳು ಗಾಳಿಯ ಕಾರ್ಬನ್ ಅಂದರೆ ಇಂಗಾಲವನ್ನು ಎಷ್ಟು ಹಿಡಿದು ಮಣ್ಣಿಗೆ ಸೇರಿಸುತ್ತವೆ ಅಂತ ಅಳೆಯಲು ಚೀಲದಲ್ಲಿ ಮಣ್ಣು ಹೊತ್ತು ತಂದವರು, ಬರೆದಿರುವುದು ಮಳೆ ಕಡಿಮೆಯಾದಷ್ಟೂ ಅವು ಜಾಸ್ತಿ ದುಡಿಯುತ್ತವೆ ಅಂತ, ನನಗಂತೂ ನಂಬಿಕೆಯಿಲ್ಲ, ಒಂದು ಲೋಟ ನೀರು ತಡವಾದರೆ ನಮ್ಮ ಮನೆಯವರು ಕೂತಲ್ಲಿಂದ ಏಳುವುದಿಲ್ಲ, ಜೌಗಿನಲ್ಲಿ ಹುಟ್ಟಿದ್ದು ಒಣಗಿಕೊಂಡು ದುಡಿಯುತ್ತದೆಯೇ — ಇರಲಿ, ಹೊಡೆಯುವುದಷ್ಟೇ ನನ್ನ ಕೆಲಸ.

ಫಿಕ್ಸೇಷನ್ ಅನ್ನುವುದರ ಸ್ಪೆಲ್ಲಿಂಗ್ ಹಿಂದೆ ಹೇಗೆ ಹೊಡೆದೆ ಅಂತ ನೋಡಲು ಬಿಡಿಸದೆ ಒಟ್ಟಿದ್ದರಲ್ಲಿ ಒಂದು ಹಾಳೆ ಎಳೆದೆ, ಬೆನ್ನಿನ ಮೇಲೆ ನೀಲಿ ಅಕ್ಷರಗಳು, ಎಲ್ಲ ಬಲದಿಂದ ಎಡಕ್ಕೆ ನಡೆಯುತ್ತಿವೆ, ಕೆಳಗಿನ ಹಾಳೆಯ ಮುಖ ಬೋಳು, ಶಿವನೇ, ದೀಪವಿಲ್ಲದ ಮಬ್ಬಿನಲ್ಲಿ ಎರಡೂ ಬದಿ ಒಂದೇ ಥರ ಕಂಡು ಮಸಿಯ ಬದಿ ಮೇಲಾಗಿ ಕಾರ್ಬನ್ ತಿರುವಿ ಇಟ್ಟಿದ್ದೇನೆ, ಒಂಬತ್ತಕ್ಕೆ ಒಂಬತ್ತು ಪುಟವೂ, ಕೃತಿಕಾ ಇನ್ನೂ ಬಾಗಿಲಲ್ಲೇ ಇದ್ದಾಳೆ, ಹೇಳದೆ ಹೇಗೆ ಇರಲಿ, ಹೇಳಿ ಹೇಗೆ ಮುಖ ಎತ್ತಲಿ, ಬಲದಿಂದ ಎಡಕ್ಕೆ, ಸರ್, ಒಂದ್ ಮಾತ್ರಿ, ಕಾರ್ಬನ್ ಉಲ್ಟಾ ಆಗೈತ್ರಿ.

ಬೆಂಚಿನಿಂದ ಏಳಹೊರಟಿದ್ದ ಸರ್ ಮತ್ತೆ ಕೂತರು, ಮುಖ ಬಿಳಿಚಿಕೊಂಡಿತು, ನಿಮಗ ಹೆಂಗ್ ಗೊತ್ತಾತ್ರಿ, ಕಾರ್ಬನ್ ಲೆಕ್ಕ ಉಲ್ಟಾ ಅಂತ ನನಗೂ ಡೌಟಿತ್ತು ಸರೋಜಕ್ಕ, ಬರೋ ದಾರಿಯಾಗ ಚೀಲ ನೆಂದು ಚೀಟಿ ಕಿತ್ತು ಬಂದಿದ್ವು, ಅಂದಾಜಿನ ಮ್ಯಾಲೆ ಅಂಟಿಸಿದೆ, ಅರ್ಧ ಮಳೆ ಮಣ್ಣಿನ ಚೀಟಿ ಜಾಸ್ತಿ ಮಳೆದಕ್ಕ ಹೋಗೈತಿ ಅನ್ಸುತ್ತ, ಗೈಡ್ ಓದ್ಲಿಲ್ಲ, ಹಾಳೆ ಎಣಿಸಿದ್ರು, ಮನ್ಯಾಗೂ ಯಾರೂ ಓದ್ಲಿಲ್ಲ, ಇದನ್ನ ಓದಿದೋರು ನೀವೊಬ್ರೇ ನೋಡ್ರಿ — ಅಯ್ಯೋ, ಅವರ ಕಣ್ಣು ತುಂಬಿಕೊಂಡವು, ನಾ ಹೇಳಿದ್ದು ಈ ಕಾರ್ಬನ್ ಪೇಪರಿನ ಮಾತು ಸರ್ ಅನ್ನಲು ಬಾಯಿ ತೆರೆದೆ, ಮುಚ್ಚಿದೆ, ರೈಲು ಹೋಗ್ಲಿ ಬಿಡ್ರಿ ಅಂತಾರೆ ಸರ್, ಇವನ್ನೆಲ್ಲ ಹರೀರಿ, ಮಣ್ಣು ಇನ್ನೊಮ್ಮೆ ನೋಡಿ ಬರೀತೀನಿ, ನೀವೇ ಹೊಡೀಬೇಕು, ಎರಡೂ ಕೈ ಜೋಡಿಸುತ್ತಾರೆ, ಕೃತಿಕಾ ಬಾಯಿ ಬಿಟ್ಟು ನನ್ನನ್ನೇ ನೋಡುತ್ತಾಳೆ, ಆಂಟಿಗೆ ಇಷ್ಟೆಲ್ಲ ತಿಳೀತೈತಾ, ನನಗೆ ನಾಚಿಕೆ, ನನಗೆ ಖುಷಿಯೂ, ಎಲ್ಲಿ ತಪ್ಪೈತಿ ತೋರ್ಸ್ರಿ ಒಮ್ಮೆ ಅಂತ ಸರ್ ಕೈ ಚಾಚಿದ್ದಾರೆ, ನಾನು ಹಾಳೆಯ ಬೆನ್ನನ್ನು ಎದೆಗೆ ಒತ್ತಿಕೊಂಡು ನಿಂತಿದ್ದೇನೆ, ನೀಲಿ ಅಕ್ಷರಗಳು ಬಲದಿಂದ ಎಡಕ್ಕೆ, ಬಲದಿಂದ ಎಡಕ್ಕೆ, ಬಲದಿಂದ