ತುದಿಯಲ್ಲಿ ನಿಂತವಳು

—ಹಿಟ್ಟಿನ ಹಾಗೆ ಹರಡಿಕೊಳ್ಳುತ್ತಿದೆ ಎಡತುದಿಯ ಚಿಕ್ಕಪ್ಪನ ಹೊಟ್ಟೆ, ಈ ವೈಡ್ ಲೆನ್ಸೇ ಹೀಗೆ, ನಡುವಿನವರನ್ನು ಇದ್ದಂತೆ ಬಿಟ್ಟು ತುದಿಯವರನ್ನು ಎಳೆದುಹಾಕುತ್ತದೆ, ಬಲತುದಿಯಲ್ಲಿ ಪವಿತ್ರ, ಈ ಮನೆಯ ಕಿರಿ ಸೊಸೆ, ಸುಟ್ಟ ಕೆನ್ನೆಗೆ ಸೆರಗು ಒತ್ತಿಕೊಂಡು ನೆಲ ನೋಡುತ್ತಿದ್ದಾಳೆ, ಫೋಟೋ ತೆಗೆಯಲು ಕೊಳ್ಳೇಗಾಲದಿಂದ ಬಂದ ನಾಗಶ್ರೀ ಕ್ಯಾಮೆರಾ ಇಳಿಸಿದಳು, ಬೆಳಿಗ್ಗೆ ಕಾಫಿ ಕೊಡುತ್ತಾ ಪವಿತ್ರಳೇ ಹೇಳಿದ್ದಳಲ್ಲ, ಯಳಂದೂರು ಮದ್ವೇಲಿ ಯಾವನೋ ತಗ್ದಿದ್ದ ಕಣಕ್ಕ, ಕೆನ್ನೆ ಮೊರದಗಲ ಬಂದಿತ್ತು, ವಾಟ್ಸಾಪಲ್ಲಿ ನಗೋ ಗೊಂಬೆ ಆಕುದ್ರು, ಆವತ್ತಿಂದ ಯಾವ ಫೋಟೋಕೂ ನಿಂತಿಲ್ಲ. ಮುಖ ಎಳೆಯೋ ಆ ದಪ್ಪ ಲೆನ್ಸು ಹಾಕಲ್ಲ ಬಿಡವ್ವ ಅಂದಿದ್ದ ನಾನೇ ಈಗ ಅದನ್ನೇ ಹಾಕಿ ನಿಂತಿದ್ದೇನಲ್ಲ, ಯಜಮಾನ ಕೆಂಪನಂಜಪ್ಪ ಹೊಸ ಮನೆ ಪೂರ್ತಿ ಬರ್ಬೇಕು ಅಂದದ್ದಕ್ಕೆ, ಮ್ಯಾಲಿನ ಸಿಮೆಂಟ್ ಬಸವನ ಸಮೇತ ಅಂದದ್ದಕ್ಕೆ, ಫಿಫ್ಟಿ ಲೆನ್ಸು ಹಾಕಿದರೆ ಮುಖ ಮುಖದಂತೆಯೇ ಬರುತ್ತದೆ, ಆದರೆ ಇಷ್ಟು ಜನ ಹಿಡಿಸಲು ಹಿಂದೆ ಹಿಂದೆ ಹೋಗಬೇಕು, ಹಿಂದೆ ರಸ್ತೆ, ಕುಂತೂರು ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು—ದಪ್ಪ ಲೆನ್ಸು ಬಿಚ್ಚಿ ಫಿಫ್ಟಿ ಹಾಕಿದಳು, ಹಿಂದೆ ಸರಿದಳು, ಇನ್ನೂ ಸರಿದಳು, ಏನವ್ವಾ ಫೋಟೋ ತಗೀತಿಯೋ ಕೊಳ್ಳೇಗಾಲಕ್ಕೇ ವಾಪಸ್ ಓಯ್ತಿಯೋ, ಎಲ್ಲರೂ ನಕ್ಕರು, ಪವಿತ್ರ ನಗಲಿಲ್ಲ, ಅಪ್ಪಾಜಿ ಇದ್ರಲ್ಲಿ ಬಸವ ಬರಲ್ಲ, ಬರಲ್ಲ ಅಂದ್ರೆ, ಯಜಮಾನ ಗದರಿದ, ಅದುಕ್ಕೇ ಕಣವ್ವ ದುಡ್ಡು ಸುರ್ದಿರದು, ಪಕ್ಕದ ಕುರ್ಚಿಯಿಂದ ಅವನ ಹೆಂಡತಿ ಪುಟ್ಟಮಲ್ಲಮ್ಮ, ಸಿಮೆಂಟ್ ಬಸವ ಎಲ್ಲಿಗೂ ಓಗಲ್ಲ, ಸುಮ್ಕೆ ಕುಂತ್ಕಳಿ. ಅವ್ವ, ನಿನ್ನ ಹೊಟ್ಟೆ ತಣ್ಣಗಿರಲಿ. ಬೆನ್ನ ಹಿಂದೆ ಟ್ರ್ಯಾಕ್ಟರಿನ ಹಾರ್ನು, ಅಕ್ಕೋ ರೋಡು ನಿಮ್ಮಪ್ಪುಂದಾ, ತಿರುಗಿದರೆ ಈ ಸಾಲು ಚೆದುರುತ್ತದೆ, ಪವಿತ್ರ ಒಳಗೆ ಹೋಗಿಬಿಡುತ್ತಾಳೆ, ಮತ್ತೆ ಬರುವವಳಲ್ಲ, ತಿರುಗಲಿಲ್ಲ, ಹಾರ್ನು ನಿಂತಿತು, ಇಂಜಿನ್ನೂ ನಿಂತಿತು, ತಗಿ ತಾಯಿ ತಗಿ, ನಾನಿಲ್ಲೇ ಇರ್ತೀನಿ, ಎಂಥ ಒಳ್ಳೆಯ ದನಿ. ಈ ಲೆನ್ಸು ಮುಖ ಎಳೆಯಲ್ಲ ಕಣವ್ವ, ತಲೆ ಎತ್ತು, ಎಂದು ಇಲ್ಲಿಂದ ಕೂಗುವುದು ಹೇಗೆ, ಕೂಗಿದರೆ ಎಲ್ಲರ ಕತ್ತೂ ಆ ಕೆನ್ನೆಯತ್ತ ತಿರುಗುತ್ತದೆ, ದಪ್ಪ ಲೆನ್ಸನ್ನು ಮೇಲೆತ್ತಿ ಹಿಡಿದಳು, ನೋಡು, ನೋಡವ್ವ, ಬ್ಯಾಗಿಗೆ ಇಳಿಸಿದಳು, ಜಿಪ್ಪು ಎಳೆದಳು, ಕಣ್ಣು ಮತ್ತೆ ಕ್ಯಾಮೆರಾಕ್ಕೆ, ಬಲತುದಿಯಲ್ಲಿ ಸೆರಗಿನ ಕೈ ಹಾಗೇ ಇದೆ, ಇದೆ, ಇಳಿಯುತ್ತಿದೆ, ಬೆರಳು ಗುಂಡಿಯ ಮೇಲೆ, ಕೆನ್ನೆ, ಬಿಸಿಲು ಬಿದ್ದ ಕೆನ್ನೆ, ಅವಳದೇ ಅಳತೆಯ ಕೆನ್ನೆ, ನೆಟ್ಟಗೆ ಇತ್ತಲೇ ನೋಡುತ್ತಿರುವ ಅವಳ ಕಣ್ಣು, ಆ ಕೆನ್ನೆ—