ಖಣಿಯ ತೂತಿಗೂ ರಬ್ಬರ್ ಬೇಕು

“ಈ ಸಲ ಮದ್ದು ಇನ್ನಷ್ಟು ಜಾಸ್ತಿ ಹಾಕ್ತೇನಿ. ಕಲ್ಲು ತಾವೇ ಸಣ್ಣ ಆಗ್ತಾವ,” ಎಂದ ಮಕ್ಸೂದ, ರೊಟ್ಟಿ ಮುರಿಯುತ್ತ.

“ಹೋದ ಸಲಾನೂ ಹಿಂಗೇ ಅಂದ್ರಿ,” ಎಂದಳು ಹೆಂಡತಿ ಬದರುನ್ನಿಸಾ. “ನನ್ನ ತಮ್ಮನ ಹುಬ್ಬು ನೋಡ್ರಿ.”

ಪಕ್ಕದಲ್ಲೇ ಕುಳಿತ ಅಖೀಲನ ಹುಬ್ಬಿಗೆ ಪಟ್ಟಿ ಕಟ್ಟಿತ್ತು. ಬಗದಲ್ ಹತ್ತಿರದ ಕಲ್ಲುಖಣಿಯಲ್ಲಿ ಮಕ್ಸೂದ ಮದ್ದಿಟ್ಟು ಬಂಡೆ ಸಿಡಿಸುವ, ಲೈಸೆನ್ಸ್ ಇರುವ ಬ್ಲಾಸ್ಟರ್. ಅವನು ಸಿಡಿಸಿದ ಮೇಲೆ ಜಲ್ಲಿ ಮಾಡುವ ಕ್ರಷರಿನ ಬಾಯಿಗೆ ಹಿಡಿಸದ ದಪ್ಪ ಗುಂಡುಕಲ್ಲುಗಳನ್ನು ಸುತ್ತಿಗೆಯಿಂದ ಒಡೆಯುವವನು ಅಖೀಲ. ಹಾಗೆ ಒಡೆಯುವಾಗ ಚೂರೊಂದು ಹಾರಿ ಬಡಿದಿತ್ತು, ಕಣ್ಣು ಉಳಿದದ್ದೇ ಪುಣ್ಯ.

“ಮತ್ತ ಅಷ್ಟೇ ಗುಂಡು ಬಿದ್ದರ ಇವನ್ನ ಕೆಲಸಕ್ಕ ಕಳಸೂದಿಲ್ಲ ನಾ,” ಎಂದಳು ಬದರುನ್ನಿಸಾ.

ಅಖೀಲನನ್ನು ನೋಡಲು ಬಂದಿದ್ದ ಅಶ್ವಜಿತ ಚಹಾದ ಬಶಿ ಕೆಳಗಿಟ್ಟ. ಭಾಲ್ಕಿಯವನು, ಖಣಿಯ ಹೊಸ ಎಂಜಿನಿಯರ್.

“ಮಕ್ಸೂದಭಾಯಿ, ಕಲ್ಲು ಎಷ್ಟು ದಪ್ಪ ಬೀಳ್ತಾವ ಅಂತ ಮೊದಲೇ ಅಂದಾಜು ಮಾಡಬಹುದರಿ. ಕಲ್ಲಿನಾಗ ಬಿರುಕು ಹ್ಯಾಂಗ ಅದಾವ, ಮದ್ದು ತುಂಬೋ ತೂತಿಗೂ ತೂತಿಗೂ ಎಷ್ಟು ದೂರ ಅದ, ಮದ್ದು ಎಷ್ಟು, ಎಲ್ಲಾ ಕೂಡಿಸಿ ನೋಡಬೇಕು.”

“ಸಾಹೇಬ್ರ, ನಿಮ್ಮ ವಯಸ್ಸಿನಷ್ಟು ವರ್ಷ ಕಲ್ಲು ಸಿಡಿಸೇನಿ. ಕಲ್ಲೇನು ನಮಗ ಹೇಳಿ ಒಡೀತಾವೇನು?”

“ಮದ್ದು ಹಾಕಿದ ಮ್ಯಾಲ ತೂತಿನ ಬಾಯಿಗೆ ಏನು ತುಂಬ್ತೀರಿ?”

“ತೂತು ಕೊರದಾಗ ಬಂದ ಪುಡಿ. ಅಲ್ಲೇ ಬಾಜೂಕ ಬಿದ್ದಿರ್ತದ. ಬೂಟಿಲೆ ತಳ್ಳಿದರ ಆತು.”

“ಅಲ್ಲೇ ತಪ್ಪತದರಿ. ಪುಡಿ ಹಾರಿಹೋಗ್ತದ. ಮದ್ದಿನ ಕಸುವು ಮ್ಯಾಲ ಹೋಗಿ ಚೂರು ಸಿಡೀತಾವ, ಕಲ್ಲು ಮಾತ್ರ ದಪ್ಪನೇ ಉಳೀತಾವ. ಸಣ್ಣ ಜಲ್ಲಿ ತುಂಬ್ರಿ. ಅವು ಒಂದಕ್ಕೊಂದು ಕಚ್ಚಿ ಕೂಡ್ತಾವ.”

ಮಕ್ಸೂದ ನಕ್ಕ. “ಜಲ್ಲಿಗೆ ಬಂಡೆಗಲ್ಲು ಅಂಜ್ತದೇನು?”

ಬದರುನ್ನಿಸಾ ಒಳಗಿಂದ ಕುಕ್ಕರಿನ ಮುಚ್ಚಳ ತಂದು ಅವನ ಮುಂದಿಟ್ಟಳು. “ಇದರ ರಬ್ಬರ್ ಸಡ್ಲಾಗಿತ್ತು. ಎಷ್ಟು ಉರಿ ಹಚ್ಚಿದರೂ ತೊಗರಿಬ್ಯಾಳಿ ಬೇಯಲಿಲ್ಲ, ಗೋಡಿತುಂಬ ನೀರು ಸಿಡೀತು. ‘ಉರಿ ಹೆಚ್ಚು ಮಾಡಬ್ಯಾಡ, ರಬ್ಬರ್ ಬದಲು ಮಾಡು’ ಅಂದವರು ಯಾರ್ರಿ?”

ಅಖೀಲ ಬಶಿಯ ಹಿಂದೆ ನಗು ಮುಚ್ಚಿಕೊಂಡ. ಮಕ್ಸೂದ ಮುಚ್ಚಳ ತಿರುಗಿಸಿ ತಿರುಗಿಸಿ ನೋಡಿದ. “ನನ್ನ ಮಾತು ನನಗೇ ಹೇಳ್ತಾಳ ನೋಡ್ರಿ ಸಾಹೇಬ್ರ,” ಎಂದ.

ಮುಂದಿನ ಬ್ಲಾಸ್ಟಿಂಗಿಗೆ ಇಬ್ಬರೂ ಕೂಡಿ ಬಿರುಕು ನೋಡಿದರು, ತೂತುಗಳ ಅಂತರ ಬದಲಿಸಿದರು. ಮದ್ದು ಲೆಕ್ಕದಷ್ಟೇ, ಬಾಯಿಗೆ ಜಲ್ಲಿ. ಸೈರನ್ ಕೂಗಿ ಎಲ್ಲರೂ ದೂರ ಸರಿದ ಮೇಲೆ ಸಿಡಿಸಿದರು. ಸುರಕ್ಷಿತವೆಂದು ಖಾತ್ರಿಯಾದ ಮೇಲೆ ಅಶ್ವಜಿತ ಕಲ್ಲಿನ ರಾಶಿಯ ಮೇಲೆ ಗಾತ್ರ ಹೋಲಿಸಲು ಅಳತೆಗೊಂದು ಚೆಂಡಿಟ್ಟು ಫೋಟೋ ತೆಗೆದ. ದಪ್ಪ ಗುಂಡು ಅಲ್ಲೊಂದು ಇಲ್ಲೊಂದು.

“ನಿಮ್ಮ ಅಂದಾಜಿಗಿಂತ ನಾಕು ಹೆಚ್ಚೇ ಬಿದ್ದಾವ,” ಎಂದು ಮಕ್ಸೂದ ಕೆಣಕಿದ.

“ಅದಕ್ಕೇ ಫೋಟೋ ಭಾಯಿ. ಮುಂದಿನ ಸಲ ತಿದ್ದಿಕೊಳ್ಳೋಣು. ಉಳಿದ ಗುಂಡು ಇನ್ನ ಮಷೀನೇ ಒಡೀತದ. ಅಖೀಲಗ ಸುತ್ತಿಗಿ ಬ್ಯಾಡ, ಕ್ರಷರಿನ ಹತ್ರ ಬ್ಯಾರೆ ಕೆಲಸ ಅದ.”

ಖಣಿಯಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಅವರ ದಾರಿ ಕಾಯುವ ಅಕ್ಕತಂಗಿಯರೇ, ಮದ್ದಿನ ಕೆಲಸ ಲೈಸೆನ್ಸ್ ಇದ್ದವರದ್ದೇ. ಆದರೆ “ತೂತಿನ ಬಾಯಿಗೆ ಏನು ತುಂಬಿದ್ರಿ, ಕಲ್ಲು ಎಷ್ಟು ದಪ್ಪ ಬೀಳ್ತಾವ?” ಎಂದು ಕೇಳುವ ಹಕ್ಕು ನಿಮಗೂ ಇದೆ. ಸಿಡಿಸುವ ಮೊದಲೇ ಕೇಳಿ.

ಆ ಸಂಜೆ ಅಖೀಲ ತನ್ನ ಸುತ್ತಿಗೆಯನ್ನು ಅಕ್ಕನ ಮನೆಗೆ ತಂದ. ಗಾಳಿಗೆ ಬಡಿದುಕೊಳ್ಳುತ್ತಿದ್ದ ಅಡುಗೆಮನೆಯ ಕದಕ್ಕೆ ಬದರುನ್ನಿಸಾ ಅದನ್ನು ಆನಿಸಿ ಇಟ್ಟಳು. ಕದ ಸುಮ್ಮನಾಯಿತು.