ಟೇಪಿನೊಳಗಿನ ಸದ್ದು

ಸುಖೇಶ ಚಹಾ ತರಲು ಹೋದದ್ದೇ ತಡ, ನಾನು ಅವನ ಬ್ಯಾಗಿನ ಜಿಪ್ ಎಳೆದೆ. ಹೆಡ್‌ಫೋನು, ಒಂದು ಸ್ಕ್ರೂಡ್ರೈವರು, ಅವನಪ್ಪನ ಹೋಟೆಲಿನ ಬನ್ಸು ಸುತ್ತಿದ್ದ ಎಣ್ಣೆಜಿಡ್ಡಿನ ಕಾಗದ. ಏನು ಹುಡುಕುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಕಳ್ಳನ ಗುರುತು ಕಂಡಾಗ ತಾನೇ ತಿಳಿಯುತ್ತದೆ ಎಂದು ಅಜ್ಜಿಯ ಕಥೆಗಳು ಕಲಿಸಿದ್ದವು. ತಲೆಯೆತ್ತಿದರೆ ಎಡಿಟಿಂಗ್ ಕೋಣೆಯ ಬಾಗಿಲಲ್ಲಿ ಅವನೇ ನಿಂತಿದ್ದ, ಕೈಯಲ್ಲಿ ಚಹಾದ ಗ್ಲಾಸು.

"ಎಂತ ಬೇಕಿತ್ತು ಭಾಮಾ?"

"ಪೆನ್ನು."

"ಅದು ನಿನ್ನ ಕಿವಿ ಮೇಲೆಯೇ ಉಂಟಲ್ಲ ಮಾರಾಯ್ತಿ."

ಅದು ಎರಡು ಸಾವಿರದ ಎರಡನೇ ಇಸವಿ. ಪುಣೆಯ ನಮ್ಮ ಕಾಲೇಜಿನಲ್ಲಿ ಮೂವರು ಸೇರಿ ಒಂದು ಕಿರುಚಿತ್ರ ಮಾಡಬೇಕಿತ್ತು. ನಾನು ನಿರ್ದೇಶಕಿ, ಹರ್ಷಾಳದು ಕ್ಯಾಮೆರಾ ಮತ್ತು ಎಡಿಟಿಂಗ್, ಸುಖೇಶನದು ಸೌಂಡು. ಸುಖೇಶನ ಬಳಿಯೂ ಲೋಣಾವಳಾದ ಮಳೆಯ ಮೇಲೊಂದು ಸ್ಕ್ರಿಪ್ಟಿತ್ತು. ಹರ್ಷಾ ನನ್ನ ಸ್ಕ್ರಿಪ್ಟಿನ ಪರ ಕೈ ಎತ್ತಿದ್ದರಿಂದ ನನ್ನದು ಗೆದ್ದಿತ್ತು.

ನನ್ನದರಲ್ಲಿ ಇದ್ದದ್ದು ಒಬ್ಬಳೇ ಮುದುಕಿ. ಕೋಥರೂಡದಲ್ಲಿ ಏಳುತ್ತಿದ್ದ ಕಟ್ಟಡದ ಬುಡದಲ್ಲಿ, ತಗಡಿನ ಶೆಡ್ಡಿನೊಳಗೆ, ಸೇಡಂ ಕಡೆಯ ಯಂಕವ್ವ ಇರುತ್ತಿದ್ದಳು. ಮಗ ಮಲಕಪ್ಪ ಮೇಲೆ ಸ್ಲ್ಯಾಬ್ ಹಾಕುತ್ತಿದ್ದರೆ ಇವಳು ಕೆಳಗೆ ಜೋಳ ಹಸನು ಮಾಡುತ್ತ ಕಥೆ ಹೇಳುವಳು. ಅವಳ ಒಂದು ಕಥೆ, ಅವಳ ಬಾಯಿಂದಲೇ. ಅಜ್ಜಿ ಹೋದ ಮೇಲೆ ಅಂಥ ದನಿ ನಾನು ಕೇಳಿದ್ದು ಅಲ್ಲಿಯೇ.

ಆದರೆ ಟೇಪು ಹಾಕಿ ಕೇಳಿದರೆ ಯಂಕವ್ವನ ಪ್ರತಿ ಮಾತಿನ ಕೊನೆಗೆ ಇನ್ನೊಂದು ಸದ್ದು. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುವಂಥ ಸಣ್ಣ ಗುನುಗು. ವೈರು ಬದಲಿಸಿದೆವು, ಮೈಕಿಗೆ ಹೊಸ ಸೆಲ್ಲು ಹಾಕಿದೆವು, ಶೆಡ್ಡಿನ ಫ್ಯಾನು ನಿಲ್ಲಿಸಿದೆವು. ಸದ್ದು ಹೋಗಲಿಲ್ಲ.

"ಶನಿವಾರದೊಳಗೆ ಸೌಂಡು ಸ್ವಚ್ಛ ಆಗದಿದ್ದರೆ ನಿನ್ನ ಸಿನಿಮಾ ಬಿಡು, ಸುಖೇಶನದನ್ನು ಶುರು ಮಾಡಿ" ಎಂದುಬಿಟ್ಟರು ನಮಗೆ ಪಾಠ ಮಾಡುತ್ತಿದ್ದ ಕೃಷ್ಣಾಜಿ ಸರ್.

ಆ ಸದ್ದಿನಿಂದ ಲಾಭ ಯಾರಿಗೆಂದು ಅಂದೇ ನನಗೆ ಹೊಳೆಯಿತು. ಮೈಕಿನ ಕೋಲು ಹಿಡಿದು ನಿಲ್ಲುತ್ತಿದ್ದವನು ಸುಖೇಶ. ಮೈಕಿಗೆ ಅವನಷ್ಟು ಹತ್ತಿರದವರು ಯಾರು? ಅಜ್ಜಿಯ ಕಥೆಯಲ್ಲೂ ರಾಜನಿಗೆ ವಿಷ ಹಾಕುವವನು ಚಾಮರ ಬೀಸುವವನೇ. ಮೊದಲ ದಿನ, ಖಾಲಿ ಶೆಡ್ಡಿನ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಬೇಕೆಂದು ಅವನು ನಮ್ಮಿಬ್ಬರನ್ನೂ ಉಸಿರು ಹಿಡಿದು ನಿಲ್ಲಿಸಿದ್ದ. "ಮಾತು ಕತ್ತರಿಸಿದ ಕಡೆ ತುಂಬಲಿಕ್ಕೆ ಬೇಕಾಗ್ತದೆ" ಅಂದಿದ್ದ. ಆಗ ಅದು ಜಾಣತನವೆನಿಸಿತ್ತು. ಈಗ ಯೋಚಿಸಿದರೆ, ಮಾತು ಕತ್ತರಿಸಬೇಕಾಗುತ್ತದೆಂದು ಇವನಿಗೆ ಮೊದಲೇ ಹೇಗೆ ಗೊತ್ತಿತ್ತು?

ಬ್ಯಾಗು ತಡಕಿದ ಮರುದಿನ ಎಡಿಟಿಂಗ್ ಕೋಣೆಯ ಹೊರಗೆ ನಿಂತೆ. ಒಳಗೆ ಹರ್ಷಾಳ ಪಿಸುಮಾತು: "ಅವಳಿಗೆ ಹೇಳೋದು ಬೇಡ." ಬಾಗಿಲು ತಳ್ಳಿದೆ. ಇಬ್ಬರೂ ಒಟ್ಟಿಗೆ ಪರದೆ ಆರಿಸಿದರು.

"ಏನ್ ನಡದದ?"

"ಏನಿಲ್ಲ ಕಣೆ" ಎಂದಳು ಹರ್ಷಾ. ಅಂದರೆ ನನ್ನ ಪರ ಕೈ ಎತ್ತಿದ್ದವಳೂ ಅವನ ಕಡೆ ಸೇರಿದಳು.

ಶುಕ್ರವಾರ ಶೆಡ್ಡಿಗೆ ಹೋದಾಗ ಮೈಕಿನ ಕೋಲು ಕಸಿದುಕೊಂಡೆ. "ಇವತ್ತ ನಾನ ಹಿಡೀತೀನಿ. ನೀ ಹೊರಗ ನಿಲ್ಲು, ಯಾರೂ ಒಳಗ ಬರಲಾರದಂಗ ನೋಡ್ಕೊ."

ಸುಖೇಶ ನನ್ನನ್ನೊಮ್ಮೆ, ಹರ್ಷಾಳನ್ನೊಮ್ಮೆ ನೋಡಿ, "ಆಯ್ತು ಡೈರೆಕ್ಟ್ರೇ" ಎಂದು ಹೋಗಿ ಮರಳಿನ ಗುಡ್ಡೆಯ ಮೇಲೆ ಕೂತ.

ಊಟದ ಬಿಡುವಿಗೆ ಕಾಂಕ್ರೀಟ್ ಮಿಕ್ಸರು ನಿಂತಿತು. ಅದು ಮತ್ತೆ ಶುರುವಾಗುವುದರೊಳಗೆ ಮುಗಿಸಬೇಕು. ಹೆಡ್‌ಫೋನು ಹಾಕಿಕೊಂಡೆ. ಹರ್ಷಾ ಕ್ಯಾಮೆರಾ ಒತ್ತಿದಳು. ಯಂಕವ್ವ ಮೊರದಲ್ಲಿ ಜೋಳ ಕೇರುತ್ತ ಶುರು ಮಾಡಿದಳು.

"ಒಂದೂರಾಗ ಒಬ್ಬಾಕಿ ಇದ್ಲು. ಆಕಿ ನೆಳ್ಳು ಆಕಿ ಮಾತ ಕೇಳ್ತಿದ್ದಿಲ್ಲ."

ಗುನುಗು ಬಂತು. ಕಿವಿಯ ಪಕ್ಕದಲ್ಲೇ. ಸರಕ್ಕನೆ ಹೊರಗೆ ನೋಡಿದೆ. ದೂರದ ಮರಳ ಮೇಲೆ ಸುಖೇಶ ಬಾಯಿ ತುಂಬ ಬಿಸ್ಕತ್ತು ತುಂಬಿಕೊಂಡಿದ್ದ.

"ಆಕಿ ಮಲಗಿದ್ರ ನೆಳ್ಳು ಎದ್ದು ಸಂತಿಗಿ ಹೋಗ್ತಿತ್ತು."

ಮತ್ತೆ ಬಂತು. ಈ ಸಲ ಅದು ನನ್ನ ಗಂಟಲಲ್ಲಿ ನಡುಗಿದ್ದು ನನಗೆ ತಿಳಿಯಿತು. ಕ್ಯಾಮೆರಾದ ಹಿಂದೆ ಹರ್ಷಾಳ ಭುಜಗಳು ಕುಲುಕುತ್ತಿದ್ದವು.

ತುಟಿ ಕಚ್ಚಿ ಹಿಡಿದೆ. ಯಂಕವ್ವ ಇನ್ನೊಂದು ಮಾತು ಹೇಳಿ, ಕಾದು, ಮೊರ ಕೆಳಗಿಟ್ಟಳು.

"ಯಾಕಬೇ, ಮಕ್ಕೊಂಡಿ ಏನ?"

"ಇಲ್ಲ ಆಯಿ, ನೀ ಹೇಳು."

"ಯಾರಿಗಿ ಹೇಳ್ಲಿ? ದಿನಾ ಹೂಂ ಅಂತಿದ್ದಿ, ಅದಕ್ಕ ಹೇಳ್ತಿದ್ದೆ. ಹೂಂ ಅನ್ನವ್ರಿಲ್ಲಂದ್ರ ಕತಿ ಮುಂದಕ್ ಹೋಗಂಗಿಲ್ಲ. ನಿಮ್ಮ ಮುತ್ಯಾನ ಹೆಣ್ತಿ ಇಷ್ಟೂ ಕಲಿಸಿಲ್ಲೇನ?"

ಅಜ್ಜಿ ಕಲಿಸಿದ್ದಳು. ಅಷ್ಟು ಗಟ್ಟಿಯಾಗಿ ಕಲಿಸಿದ್ದಳೆಂದರೆ ಅದು ನನ್ನ ಬಾಯಿಂದ ಬರುವುದು ನನಗೇ ಕೇಳಿಸುತ್ತಿರಲಿಲ್ಲ.

ಸುಖೇಶ ಒಳಗೆ ಬಂದ. ಹೆಡ್‌ಫೋನು ಕತ್ತಿಗಿಳಿಸಿ ಕೇಳಿದೆ, "ನಿನಗ ಗೊತ್ತಿತ್ತು?"

"ಮೊದಲ ಟೇಪಿನಿಂದಲೇ. ನಾನೂ ಹರ್ಷಾಳೂ ನಿನ್ನ ಒಂದೊಂದು ಹೂಂ ಕತ್ತರಿಸಿ ಆ ಖಾಲಿ ಶೆಡ್ಡಿನ ಮೌನ ತುಂಬ್ತಾ ಇದ್ವಿ. ಅರ್ಧ ಆಗಿದೆ. ಕೇಳಲಿಕ್ಕೆ ಚಂದ ಇಲ್ಲ, ಅಜ್ಜಿ ಗೋಡೆಗೆ ಕಥೆ ಹೇಳಿದ ಹಾಗೆ ಉಂಟು."

"ನನಗ ಹೇಳಬಾರದಿತ್ತೇನು?"

"ಹೇಳುವ ಅಂತಲೇ ಚಹಾ ತಂದಿದ್ದೆ. ನೀನು ನನ್ನ ಬ್ಯಾಗಲ್ಲಿ ಪೆನ್ನು ಹುಡುಕ್ತಾ ಇದ್ದಿ."

ಹರ್ಷಾ ನಗು ನಿಲ್ಲಿಸಿದಳು. ಮೇಲಿನಿಂದ ಮಲಕಪ್ಪ ಯಾರನ್ನೋ ಕೂಗಿದ. ಬಿಡುವು ಮುಗಿಯುತ್ತಿತ್ತು.

ನಾನು ಕೋಲನ್ನು ಸುಖೇಶನ ಕೈಗೆ ಕೊಟ್ಟೆ. ಹೋಗಿ ಯಂಕವ್ವನ ಎದುರಿಗೆ, ಫ್ರೇಮಿನೊಳಗೇ, ಕೂತೆ. "ಮೈಕು ನಮ್ಮಿಬ್ಬರ ನಡುವ ಹಿಡಿ. ಹೂಂ ಕತ್ತರಿಸೂದು ಬ್ಯಾಡ."

"ಸರ್ ಏನಾದ್ರೂ ಅಂದರೆ?" ಎಂದ ಸುಖೇಶ.

"ನಾ ಹೇಳ್ತೀನಿ. ಅವರು ಒಪ್ಪಲಿಲ್ಲಂದ್ರ ನಿನ್ನ ಲೋಣಾವಳಾ ಮಾಡೂಣು."

ಬೆನ್ನ ಹಿಂದೆ ಅವನ ಚಪ್ಪಲಿ ಸರಿದ ಸದ್ದು ಕೇಳಿಸಿತು, ಆಮೇಲೆ "ರೋಲಿಂಗ್" ಎಂಬ ಹರ್ಷಾಳ ದನಿ. ಮೈಕಿಗೊಂದು ಸಣ್ಣ ಸ್ವಿಚ್ಚಿತ್ತು. ಅವನು ಅದನ್ನು ಒತ್ತಿ ಮೈಕು ಚಾಲೂ ಮಾಡಿದ್ದಾನೋ ಇಲ್ಲವೋ? ನೋಡಬೇಕೆಂದರೆ ಕತ್ತು ತಿರುಗಿಸಬೇಕು, ತಿರುಗಿಸಿದರೆ ಶಾಟು ಹಾಳು. ನನ್ನ ಕತ್ತಿನ ನರ ಎಳೆಯುತ್ತಿತ್ತು.

"ಹಿಂಗಿರೂ ಹೊತ್ತಿನ್ಯಾಗ" ಎಂದಳು ಯಂಕವ್ವ, ಮೊರ ಎತ್ತಿಕೊಂಡು, "ನೆಳ್ಳು ಹೊಳ್ಳಿ ಬಂದು ಬಾಗಲಾ ಬಡೀತು."

ಅವಳ ಮುಖವನ್ನೇ ನೋಡುತ್ತ, "ಹೂಂ" ಎಂದೆ.